ಲೋಳೆ ಆರಿದ ಮೇಲೆ

ಮೃಗಾಲಯದ ಹಾವುಮನೆಯನ್ನು ಗುಡಿಸಿ ತೊಳೆಯುವ ಆಕೆಗೆ ಹಾವೆಂದರೆ ಅಸಹ್ಯವಿರಲಿಲ್ಲ. ಹಾವಿನದು ಒಣ ಮೈ, ಒಪ್ಪವಾಗಿ ಹೊದಿಸಿದ ಹುರುಪೆ. ಕಾಲಿಲ್ಲದ ಹಲ್ಲಿಯನ್ನೂ ಸಹಿಸುತ್ತಿದ್ದಳು. ಅದು ರೆಪ್ಪೆಯನ್ನಾದರೂ ಮಿಟುಕಿಸುತ್ತದೆ, ಹಾವಿಗೆ ಆ ಸೌಜನ್ಯವೂ ಇಲ್ಲ. ಅವಳು ಹೇಸುತ್ತಿದ್ದುದು ಲೋಳೆಗೆ ಮಾತ್ರ. ಬಸವನಹುಳು ತುಳಿದ ಚಪ್ಪಲಿಯನ್ನು ಎಸೆದು ಬರಿಗಾಲಲ್ಲಿ ಮನೆಗೆ ನಡೆದವಳು. ಗಳಿಗೆಗೊಮ್ಮೆ ಕೈ ತೊಳೆಯುವ ಅವಳಿಗೆ ‘ಸೋಪಕ್ಕ’ ಎಂದು ಹೆಸರಿಟ್ಟವನು ಅಲ್ಲಿಯೇ ಉಗ್ರಾಣ ನೋಡಿಕೊಳ್ಳುವ ಭಾವ, ಅವಳ ಅಕ್ಕನ ಗಂಡ.

ಅಂದು ಅವನೇ ಒಂದು ಬಕೆಟ್ ತಂದಿಟ್ಟ. ಯಾರದೋ ತೋಟ ಅಗೆಯುವಾಗ ಸಿಕ್ಕಿದ್ದಂತೆ.

“ಕುರುಡು ಹಾವು ಕಣಮ್ಮ. ಮರಳಿನ ಗೂಡಿಗೆ ಬಿಡು.”

ಬಕೆಟ್ಟಿನ ತಳದಲ್ಲಿ, ಯಾರೋ ಕೆಮ್ಮಿ ಉಗುಳಿದ್ದಕ್ಕೆ ಜೀವ ಬಂದ ಹಾಗೆ, ಕಪ್ಪಗಿನದೊಂದು ಮಿರಮಿರನೆ ಹೊರಳುತ್ತಿತ್ತು.

“ಥೂ! ಇದೆಂಥ ಹಾವು ಭಾವ? ಸಿಂಬಳ ಸುರೀತಿದೆ.”

“ನೆಗಡಿ ಇರಬೇಕು. ಮೂಗು ಒರೆಸಿ ಬಿಡು.”

ಅವಳು ಮುಖವನ್ನು ಅತ್ತ ತಿರುಗಿಸಿಯೇ ಬಕೆಟ್ಟನ್ನು ಗೂಡಿಗೆ ಕವುಚಿ, ಬಿಸಿದೀಪ ಹಚ್ಚಿ, ಮೊಣಕೈವರೆಗೂ ಸೋಪು ಬಳಿದುಕೊಂಡಳು.

ಉಳಿದ ಗೂಡುಗಳನ್ನು ತೊಳೆದು ಬರುವಷ್ಟರಲ್ಲಿ ಅದರ ಅಸಹ್ಯವೆಲ್ಲ ಇಳಿದಿತ್ತು. ಹೊಳಪು ಹೋಗಿ, ಮೈಗೆ ಮರಳು ಮೆತ್ತಿ, ಹಳೆಯ ಬೆಲ್ಟಿನ ತುಂಡಿನಂತೆ ಬಿದ್ದಿತ್ತು. ಈಗ ಮರ್ಯಾದಸ್ಥನಂತಿದೆ ಎಂದುಕೊಂಡು ಮೊದಲ ಬಾರಿಗೆ ಹತ್ತಿರದಿಂದ ನೋಡಿದಳು. ಹುರುಪೆ ಕಾಣಲಿಲ್ಲ. ಎರೆಹುಳುವಿನಂತೆ ಮೈಸುತ್ತ ಉಂಗುರಗಳು. ಬಾಲವೇ ಇಲ್ಲವೆನ್ನುವಂಥ ಮೊಂಡು ತುದಿ. ಕಣ್ಣಿರಬೇಕಾದಲ್ಲಿ ಚರ್ಮದಡಿ ಮಸುಕು ಚುಕ್ಕೆ. ಪಕ್ಕದ ಕಪ್ಪೆಮನೆಯಲ್ಲಿ ಅವಳು ದಿನವೂ ಧೂಳೊರೆಸುವ ಚಿತ್ರಫಲಕದಲ್ಲಿ ಇದೇ ಇತ್ತು: ಕಪ್ಪೆಯ ಬಳಗದ, ಕಾಲಿಲ್ಲದ ಜೀವಿ. ಹಾವಿನ ಹುರುಪೆ ಒಳಗಿನ ನೀರನ್ನು ಕಾಯುತ್ತದೆ. ಇದಕ್ಕೆ ಆ ಕವಚವಿಲ್ಲ, ಚರ್ಮ ತೊಯ್ದಿದ್ದರಷ್ಟೇ ಉಸಿರು. ಅದು ಶುಚಿಯಾಗಿ ಕಂಡದ್ದು ಸಾಯುತ್ತಿದ್ದುದರಿಂದ.

“ಭಾವಾ! ಇದು ಹಾವಲ್ಲ! ಕಪ್ಪೆತೊಟ್ಟಿ ನೀರು ತನ್ನಿ, ಬೇಗ!”

ಕೈಗವಸಿನ ತುಂಬ ಪುಡಿ. ಆ ಬರಿಚರ್ಮಕ್ಕೆ ಪುಡಿಯೂ ಸೋಪೂ ವಿಷವೇ. ಬರಿಗೈಯೇ ಗತಿ, ಅದೂ ಸೋಪಿನ ಸೋಂಕಿಲ್ಲದ ಕೈ. ಅವಳು ಮೂಸಿ ಮೂಸಿ ಬರಿನೀರಲ್ಲಿ ತೊಳೆದಳು.

“ನಮ್ಮ ಸೋಪಕ್ಕ ಸೋಪನ್ನೇ ತೊಳ್ಕೋತಿದಾಳಲ್ಲಪ್ಪ!” ಎಂದು ನಗಹೊರಟ ಭಾವ, ಅವಳ ಮುಖ ನೋಡಿ ತೊಟ್ಟಿಯ ನೀರನ್ನು ಮುಂದಿಟ್ಟ.

ನೀರು ತುಂಬಿದ ಬೊಗಸೆಯಲ್ಲಿ ಅದನ್ನೆತ್ತಿ ಮರಳನ್ನು ಮೆಲ್ಲನೆ ತೊಳೆದಳು. ಅದು ಮಿಸುಕಲಿಲ್ಲ. ಮತ್ತೆ ನೀರು, ಮತ್ತೆ. ಆಮೇಲೆ ಬೆರಳ ಸಂದಿಯಲ್ಲಿ ತಣ್ಣಗೆ ಲೋಳೆ ಒಸರಿತು. ಮೊಂಡು ಮೂತಿಯೊಂದು ಅಂಗೈಯನ್ನೇ ಮಣ್ಣೆಂದು ತಿಳಿದು ಕೊರೆಯತೊಡಗಿತು.

“ಥೂ, ಥೂ, ಥೂ,” ಎಂದಳು, ಕೈ ಬಿಡದೆ. “ಬದುಕಿದೆ ಭಾವ. ನೋಡ್ತಾ ನಿಲ್ಲಬೇಡಿ, ಹಸಿ ಮಣ್ಣು ಹಾಕಿ!”