ಬುಟಿಬೋರಿಯಲ್ಲಿ ನೀರು ಕುಡಿಯದ ಗುಂಡಿ

ಹೋಳಿಹುಣ್ಣಿಮೆ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಬಾಗಲಕೋಟೆಯಿಂದ ಬಸ್ಸು ಹತ್ತಿದೆ. ವಿಜಯಪುರದವರೆಗೆ ನಮ್ಮ ರಾಜ್ಯದ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ, ಕಾರ್ಡು ತೋರಿಸಿದರೆ ಸಾಕು. ಅಲ್ಲಿಂದ ಸೊಲ್ಲಾಪುರಕ್ಕೆ ಟಿಕೆಟ್ಟು ತೆಗೆಸಿದೆ. ಸೊಲ್ಲಾಪುರದಲ್ಲಿ ನಾಗಪುರದ ಖಾಸಗಿ ಬಸ್ಸಿನವನು ಮಲಗುವ ಜಾಗಕ್ಕೆ ಸಾವಿರದ ನೂರು ಕೇಳಿದ. ಮಲಗುವುದಿಲ್ಲ, ಕುಂತೇ ಹೋಗುತ್ತೇನೆ ಎಂದೆ. ಎಂಟುನೂರಕ್ಕೆ ಇಳಿದ. ನೂರಿಪ್ಪತ್ತು ಹರದಾರಿಯಾದರೂ ಇರಬೇಕು ಆ ದಾರಿ. ತುಳಜಾಪುರ, ಲಾತೂರು, ನಾಂದೇಡ, ಯವತ್ಮಾಳ ದಾಟಿ ಮರುದಿನ ಬೆಳಿಗ್ಗೆ, ನಾಗಪುರ ಇನ್ನೂ ಮುಂದಿರುವಾಗ, ಬುಟಿಬೋರಿಯ ಕೂಡುರಸ್ತೆಯಲ್ಲಿ ಇಳಿದಾಗ ನನ್ನ ಮೊಣಕಾಲು ನನ್ನವಾಗಿರಲಿಲ್ಲ. ಬೋರ್ಡುಗಳೆಲ್ಲ ಮರಾಠಿಯಲ್ಲಿದ್ದವು. ನನಗೆ ಬರುವುದು ಕನ್ನಡದ ಅಕ್ಷರ, ಅದೂ ಒಂದೊಂದಾಗಿ. ಹೀಗಾಗಿ ಕಂಡಕ್ಟರನಿಗೆ ತಾಸಿಗೊಮ್ಮೆ "ಬುಟಿಬೋರಿ, ಬುಟಿಬೋರಿ" ಎನ್ನುತ್ತ ಬಂದಿದ್ದೆ. ಅವನು ಕೊನೆಗೆ ಕೈಮುಗಿದು ಇಳಿಸಿದ.

ನನ್ನ ಮಗಳು ಮಹಾದೇವಿ ಹದಿನಾರು ವರ್ಷದಿಂದ ಅಲ್ಲಿದ್ದಾಳೆ. ಅಳಿಯ ಈರಣ್ಣ ತಂತಿ ಮಾಡುವ ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಮಾಡುತ್ತಾನೆ. ಇವಳು ಇನ್ನೊಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಚಪಾತಿ ಲಟ್ಟಿಸುತ್ತಾಳೆ. ಇಷ್ಟು ದಿನ ತಗಡಿನ ಬಾಡಿಗೆ ಕೋಣೆಯಲ್ಲಿದ್ದರು. ಆ ಕೋಣೆಯ ಎದುರಿಗೇ, ಹೆದ್ದಾರಿಯಿಂದ ಅರ್ಧ ಮೈಲಿ ಒಳಗೆ, ಒಂದು ತುಂಡು ಜಾಗ ಕೊಂಡು ಸರ್ಕಾರದ ಯೋಜನೆಯಲ್ಲಿ ಮನೆ ಕಟ್ಟಿಸುತ್ತಿದ್ದರು. ಸರ್ಕಾರ ದುಡ್ಡನ್ನು ಒಮ್ಮೆಲೇ ಕೊಡುವುದಿಲ್ಲ. ಕೂಸಿಗೆ ಉಣಿಸಿದ ಹಾಗೆ ತುತ್ತು ತುತ್ತಾಗಿ ಕೊಡುತ್ತದೆ. ಪಾಯ ಹಾಕಿದ ಮೇಲೆ ಒಂದು ತುತ್ತು, ಗೋಡೆ ಎದ್ದ ಮೇಲೆ ಒಂದು, ಸ್ಲ್ಯಾಬು ಬಿದ್ದ ಮೇಲೆ ಒಂದು. ಪ್ರತಿ ಸಲ ಮಹಾದೇವಿ ಮನೆಯ ಮುಂದೆ ನಿಲ್ಲಬೇಕು, ಫೋಟೋ ಆಗಬೇಕು, ಏಕೆಂದರೆ ಮನೆ ಅವಳ ಹೆಸರಿನಲ್ಲಿದೆ. ಉಳಿದದ್ದು ಕೊನೆಯ ತುತ್ತು. ಅದಕ್ಕೆ ಪರಿಸರದ ಷರತ್ತುಗಳಿದ್ದವು. ಇಟ್ಟಿಗೆ ಸುಟ್ಟದ್ದಾಗಿರಬಾರದು, ಬೂದಿಯದಾಗಿರಬೇಕು. ಮಾಳಿಗೆಗೆ ಬಿಸಿಲು ತಡೆಯುವ ಬಿಳಿ ಬಣ್ಣ ಹಚ್ಚಬೇಕು. ಮಳೆಯ ನೀರು ನೆಲಕ್ಕೆ ಇಳಿಯುವ ಇಂಗುಗುಂಡಿ ಇರಬೇಕು. ಇವೆಲ್ಲ ಮಾರ್ಚ್ ಮುಗಿಯುವುದರೊಳಗೆ ಫೋಟೋದಲ್ಲಿ ಬರದಿದ್ದರೆ ಕಚೇರಿಯ ಪುಸ್ತಕ ಮುಚ್ಚುತ್ತದೆ, ಮುಂದೆ ಯಾವಾಗ ತೆರೆಯುತ್ತದೋ ಹೇಳುವವರಿಲ್ಲ.

ಆ ಕೊನೆಯ ತುತ್ತಿನಲ್ಲಿ ಮನೆಗೆ ಬಾಗಿಲು ಬರಬೇಕಿತ್ತು. ಗೋಡೆ ಇತ್ತು, ಸ್ಲ್ಯಾಬು ಇತ್ತು, ಬಾಗಿಲು ಇರಲಿಲ್ಲ. ಬಾಡಿಗೆ ಕೋಣೆಯ ಮಾಲಕ ಒಂದನೇ ತಾರೀಖಿಗೆ ಬೇರೆಯವರಿಗೆ ಕೊಟ್ಟಾಗಿತ್ತು. ಬಾಗಿಲಿಲ್ಲದ ಮನೆಯಲ್ಲಿ ರಾತ್ರಿಪಾಳಿಯ ಗಂಡನನ್ನು ಕಳಿಸಿ ಒಬ್ಬಳೇ ಹೇಗಿರುವುದು ಎಂದು ಮಹಾದೇವಿ ನನ್ನನ್ನು ಕರೆಸಿದ್ದಳು. ಅಂದರೆ ಬಾಗಿಲಿನ ಬದಲಿಗೆ ನಾನು.

ಕೋಣೆಯಲ್ಲಿ ಚಹಾ ಕುದಿಯುವಷ್ಟರಲ್ಲಿ ಎದುರಿನ ಹೊಸ ಮನೆಯನ್ನು ಒಂದು ಸುತ್ತು ಹಾಕಿದೆ. ನನಗೆ ಕುಂತಲ್ಲಿ ಕುಂಡರುವ ಅಭ್ಯಾಸವಿಲ್ಲ. ಗೋಡೆ ಚೆನ್ನಾಗಿತ್ತು, ಬೂದಿಯ ಇಟ್ಟಿಗೆ ತಂಪು. ಮಾಳಿಗೆಯ ಬಿಳುಪು ಕಣ್ಣು ಚುಚ್ಚುತ್ತಿತ್ತು. ಅಂಗಳದ ಮೂಲೆಯಲ್ಲಿ ಸಿಮೆಂಟಿನ ಮುಚ್ಚಳ, ಅದರ ಮೇಲೆ ಹಸಿರು ಎಲೆಯ ಚಿತ್ರ. ಮುಚ್ಚಳ ಸರಿಸಿದೆ. ಒಳಗೆ ಕಲ್ಲು ತುಂಬಿತ್ತು. ಕಾಲಡಿಯ ಮಣ್ಣು ಮುಟ್ಟಿ ನೋಡಿದೆ. ಎರೆ ಮಣ್ಣು.

"ಅವ್ವಾ, ಬಂದ ಗಳಿಗಿಗೇ ಗುಂಡಿ ಯಾಕ ಮೂಸಾಕತ್ತಿ? ಚಹಾ ಆರತೈತಿ."

"ಎಷ್ಟ ಆಳ ತಗಸೀರಿ ಇದನ್ನ?"

"ಠೇಕೇದಾರಗ ಗೊತ್ತು. ತಗದಾನ, ಕಲ್ಲ ತುಂಬ್ಯಾನ, ಮುಚ್ಚ್ಯಾನ. ನೀ ಮಾರಿ ತೊಳಕೊ."

ನಾನು ಊರಲ್ಲಿ ಉದ್ಯೋಗ ಖಾತ್ರಿ ಕೆಲಸದಲ್ಲಿ ಇಂತಹ ಗುಂಡಿ ಎಷ್ಟು ತೋಡಿದ್ದೇನೋ ಲೆಕ್ಕವಿಟ್ಟಿಲ್ಲ. ನಮ್ಮ ಹೆಣ್ಣಾಳುಗಳ ಗುಂಪಿನಲ್ಲಿ ಒಂದು ರೂಢಿ ಇತ್ತು. ಗುಂಡಿ ಮುಗಿದ ಮೇಲೆ ಎರಡು ಕೊಡ ನೀರು ಸುರಿಯುವುದು, ಎಲ್ಲರೂ ದಂಡೆಯಲ್ಲಿ ಕುಂತು ಎಲೆ ಅಡಿಕೆ ಹಾಕಿಕೊಳ್ಳುವುದು. ಬಾಯಿ ಕೆಂಪಾಗಿ ಉಗುಳುವುದರೊಳಗೆ ನೀರು ಕಾಣದಂತಾದರೆ ಗುಂಡಿ ಪಾಸು. ಉಳಿದರೆ ಮತ್ತೆ ಗುದ್ದಲಿ. ಎರೆ ಮಣ್ಣು ಸುಳ್ಳುಗಾರ ಇದ್ದಂತೆ, ಮೇಲೆ ಬಾಯಿ ಬಿಟ್ಟಿರುತ್ತದೆ, ಕೆಳಗೆ ಹನಿ ಕುಡಿಯುವುದಿಲ್ಲ. ಅದರ ಕೆಳಗೆ ನೀರು ಕುಡಿಯುವ ಒರಟು ಮಣ್ಣು, ಗರಸು, ಸಿಗುವ ತನಕ ಹೋಗಬೇಕು.

ಎರಡು ಕೊಡ ಸುರಿದೆ. ಎಲೆ ಅಡಿಕೆ ಹಾಕಿಕೊಂಡೆ. ಉಗುಳಿದೆ. ಚಹಾ ಕುಡಿದೆ, ಸ್ನಾನ ಮಾಡಿದೆ, ಉಂಡೆ. ಸಂಜೆ ಈರಣ್ಣ ಪಾಳಿ ಮುಗಿಸಿ ಬಂದಾಗಲೂ ನೀರು ಕಲ್ಲಿನ ಸಂದಿಯಲ್ಲಿ ಹಾಗೇ ನಿಂತು ಮಿಣುಕುತ್ತಿತ್ತು. ಉದ್ದನೆಯ ಸಲಾಕಿಯೊಂದನ್ನು ಕಲ್ಲಿನ ನಡುವೆ ಇಳಿಸಿದೆ. ನನ್ನ ಸೊಂಟದ ಮಟ್ಟಕ್ಕೆ ನಿಂತಿತು. ಆಳೆತ್ತರ ಇರಬೇಕಾದದ್ದು ಸೊಂಟದ ಮಟ್ಟ.

"ಅತ್ತಿ, ಫೋಟೋದಾಗ ನೀರ ಇಂಗೂದು ಕಾಣಾಂಗಿಲ್ರಿ," ಎಂದ ಈರಣ್ಣ, ಬೂಟು ಕಳಚುತ್ತ. "ಮುಚ್ಚಳಾ ಕಾಣತೈತಿ."

"ಮಳಿ ಬಂದ್ರ ನೀರು ನಿನ್ನ ಪಾಯಕ್ಕ ಹೊಕ್ಕಾಗ ಕಾಣತೈತಿ. ಎರಿ ಉಬ್ಬಿದ್ರ ಗ್ವಾಡಿ ಸೀಳತೈತಿ."

"ಮೊದಲ ಬಾಗಲಾ ಬರ್ಲಿ ಬಿಡವ್ವ," ಎಂದಳು ಮಹಾದೇವಿ. "ಗ್ವಾಡಿ ಆಮ್ಯಾಲ ಸೀಳ್ಲಿ."

ಮಂಗಳವಾರ ಮಗಳು ರಜೆ ಹಾಕಿ, ತಪಾಸಣೆ ಯಾವಾಗ ಎಂದು ಕೇಳಲು ನಾಗಪುರದ ಸಿವಿಲ್ ಲೈನ್ಸಿನಲ್ಲಿರುವ ಯೋಜನೆಯ ಕಚೇರಿಗೆ ಹೊರಟಳು. ನಾನೂ ಹೋದೆ. ಅಲ್ಲಿಯ ಕೆಂಪು ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್ಟು. ಇಳಿದು ಅವಲಕ್ಕಿ ತಿಂದೆವು. ಅದರ ಮೇಲೆ ಕಡಲೆಯ ಕೆಂಪು ಸಾರು ಸುರಿಯುತ್ತಾರೆ. ಖಾರ ನಮ್ಮ ಖಾರಕ್ಕೆ ಕಡಿಮೆಯಿಲ್ಲ, ಎಣ್ಣೆ ಮಾತ್ರ ಕೈ ತೊಳೆದರೂ ಹೋಗಲಿಲ್ಲ. ಸಿವಿಲ್ ಲೈನ್ಸಿನ ರಸ್ತೆಗಳು ಹೊಲದಷ್ಟು ಅಗಲ. ದೊಡ್ಡ ಮರಗಳ ಹಿಂದೆ ಸಾಹೇಬರ ಬಂಗಲೆಗಳು. ಒಬ್ಬೊಬ್ಬರ ಅಂಗಳದಲ್ಲಿ ಮಹಾದೇವಿಯದಂತಹ ಮನೆ ಇಪ್ಪತ್ತು ಹಿಡಿಸುತ್ತವೆ. ಕಚೇರಿಯಲ್ಲಿ ಎರಡು ತಾಸು ನಿಂತೆವು. ನಾನು ನಾಲ್ಕು ಸಲ ಹೊರಗೆ ಹೋಗಿ ಬಂದೆ. ಗುಮಾಸ್ತ ಪರದೆ ನೋಡಿ "ಶುಕ್ರವಾರ" ಎಂದ, ಮುಖ ನೋಡಲಿಲ್ಲ.

ಶುಕ್ರವಾರಕ್ಕೆ ಮೂರು ದಿನವಿತ್ತು. ಮರಳುವಾಗ ಬಸ್ಸಿನಲ್ಲಿ ಹೇಳಿದೆ: "ಅಷ್ಟರಾಗ ಗುಂಡಿ ಇಳಿಸಬಹುದು." ಅವಳು ಕಿಟಕಿಯ ಕಡೆ ತಿರುಗಿ, "ಕೈ ಹಚ್ಚಿದಿ ಅಂದ್ರ ನಿನ್ನ ಇವತ್ತ ಬಸ್ ಹತ್ತಸ್ತೇನಿ," ಎಂದಳು.

ಬುಧವಾರ ಸುಮ್ಮನಿದ್ದೆ. ಅಂಗಳ ಗುಡಿಸಿದೆ, ಅದನ್ನೇ ಮತ್ತೆ ಗುಡಿಸಿದೆ. ಮುಚ್ಚಳ ಸರಿಸಿದೆ, ನೀರು ಇತ್ತು, ಮುಚ್ಚಿದೆ. ಪಕ್ಕದ ಮನೆಯ ಮಂದಾತಾಯಿ ನೋಡಿ ನಕ್ಕಳು. ಅವಳದೂ ಅದೇ ಯೋಜನೆ, ಅದೇ ಠೇಕೇದಾರ. "ಮಾಝಾ ಪಣ ತಸಾಚ, ಆಜೀ," ಎಂದಳು. ನನ್ನದೂ ಹಾಗೇ ಎಂದು ಅರ್ಥ. ಅವಳಿಗೆ ಫೋಟೋ ಆಗಿ, ದುಡ್ಡು ಬಂದು, ಬಾಗಿಲೂ ಆಗಿತ್ತು. ಹೋದ ಮಳೆಯಲ್ಲಿ ಅಡುಗೆಮನೆಯ ನೆಲ ಒದ್ದೆಯಾಗಿತ್ತಂತೆ. ಕರೆದುಕೊಂಡು ಹೋಗಿ ತೋರಿಸಿದಳು. ಗೋಡೆಯ ಬುಡದಿಂದ ಕಿಟಕಿಯವರೆಗೆ ಬಿರುಕು, ನನ್ನ ಕಿರುಬೆರಳು ಹೋಗುವಷ್ಟು. ಅದನ್ನು ನೋಡಿದ ಮೇಲೆ ನನಗೆ ಯಾರ ಮಾತೂ ಬೇಕಾಗಲಿಲ್ಲ.

ಗುರುವಾರ ಬೆಳಿಗ್ಗೆ ಇಬ್ಬರೂ ಕೆಲಸಕ್ಕೆ ಹೋದ ಕೂಡಲೇ ಮಂದಾತಾಯಿಯಿಂದ ಗುದ್ದಲಿ, ಬುಟ್ಟಿ, ಸಣ್ಣ ಏಣಿ ತಂದೆ. ಮುಚ್ಚಳವನ್ನು ಉರುಳಿಸಿ ಗೋಡೆಗೆ ಒರಗಿಸಿದೆ. ಕಲ್ಲುಗಳನ್ನು ಒಂದೊಂದಾಗಿ ತೆಗೆದು ಅಂಗಳದ ತುಂಬ ಹರವಿದೆ. ನೀರು ತೋಡಿ ಚೆಲ್ಲಿ ಒಳಗಿಳಿದೆ. ಎರಡು ಬುಟ್ಟಿ ಮಣ್ಣು ತೆಗೆದಿರಬಹುದು, ಮೇಲೆ ಗಾಡಿ ನಿಂತ ಸದ್ದಾಯಿತು. ತಲೆ ಎತ್ತಿದರೆ ಕಚೇರಿಯ ಚೀಟಿ ಕೊರಳಿಗೆ ಹಾಕಿಕೊಂಡ ಹುಡುಗಿ ನಿಂತಿದ್ದಳು, ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು. ಇಂಜಿನಿಯರ್ ಮೇಡಮ್. ಮಾರ್ಚ್ ಗಡಿಬಿಡಿಯಲ್ಲಿ ಶುಕ್ರವಾರದ ಕೆಲಸ ಗುರುವಾರಕ್ಕೆ ಬಂದಿತ್ತು. ಮಹಾದೇವಿಗೆ ಫೋನು ಮಾಡಿಯೇ ಬಂದಿದ್ದಳಂತೆ.

ಐದು ನಿಮಿಷದಲ್ಲಿ ಮಹಾದೇವಿ ಓಡಿ ಬಂದಳು, ಕೈಗೆ ಇನ್ನೂ ಹಿಟ್ಟಿತ್ತು. ಗುಂಡಿ ನೋಡಿದಳು, ನನ್ನನ್ನು ನೋಡಿದಳು.

"ಹಡದವಳು ಅಂತ ಕರಸಿದ್ನಿ. ಹೆಗ್ಗಣ ಅಂತ ಗೊತ್ತಿರಲಿಲ್ಲ."

ಮೇಡಮ್ ಹಿಂದಿಯಲ್ಲಿ, ಇದೇನು ಅರ್ಧ ಕೆಲಸ ಎಂದು ಕೇಳಿದಳು. ನಾನು ಕೆಳಗಿನಿಂದಲೇ ಹೇಳಿದೆ: "ಅರ್ಧ ಮಾಡಿದಾಂವ ಠೇಕೇದಾರ. ಮುಚ್ಚಳದ ಫೋಟೋ ತಗದ್ರ ನೀರ ಇಂಗತೈತೇನ ಅಂತ ಕೇಳ ಆಕಿನ್ನ."

ಮಹಾದೇವಿ ಹಿಂದಿಯಲ್ಲಿ ಏನೋ ಹೇಳಿದಳು. 'ಸಾಫ್' ಎಂಬ ಮಾತು ಕೇಳಿಸಿತು. ಅವ್ವ ಗುಂಡಿ ಸ್ವಚ್ಛ ಮಾಡುತ್ತಿದ್ದಾಳೆ ಎಂದಳು ನನ್ನ ಮಗಳು.

ಮೇಡಮ್ ಬಗ್ಗಿ ಒಳಗೆ ನೋಡಿದಳು. ನಾನು ನಿಂತಿದ್ದೆ, ಗುಂಡಿ ನನ್ನ ಸೊಂಟಕ್ಕೆ ಬರುತ್ತಿತ್ತು. ಅಳತೆಗೆ ಟೇಪು ಬೇಕಾಗಿರಲಿಲ್ಲ. ಅವಳು ಫೋನಿನ ಮೇಲಿಂದ ಬೆರಳು ತೆಗೆದಳು. ಆಮೇಲೆ ಮಗಳಿಗೆ ಹೇಳಿದ್ದನ್ನು ಮಗಳು ನನಗೆ ಹೇಳಿದಳು. ಈಗ ಒತ್ತಿದರೆ 'ಅಪೂರ್ಣ' ಎಂದು ಹೋಗುತ್ತದೆ, ಒಮ್ಮೆ ಹೋದರೆ ವಾಪಸ್ ಬರುವುದಿಲ್ಲ. ವಿಮಾನ ನಿಲ್ದಾಣದ ಹತ್ತಿರ ಮಿಹಾನ್ ಕಡೆ ಇನ್ನೂ ಆರು ಮನೆ ಇವೆ, ನಾಲ್ಕಕ್ಕೆ ಇದೇ ದಾರಿಯಲ್ಲಿ ಬರುತ್ತೇನೆ, ಅಷ್ಟರಲ್ಲಿ ಅಳತೆಗೆ ಸರಿಯಾಗಿ ಮುಗಿದಿರಬೇಕು, ನನಗೂ ಮಾರ್ಚ್ ಇದೆ.

ಗಾಡಿ ಹೋಯಿತು. ಮಹಾದೇವಿ ಸೀರೆ ಎತ್ತಿ ಕಟ್ಟಿ ಗುಂಡಿಗಿಳಿದಳು, ನನ್ನ ಕೈಯಿಂದ ಗುದ್ದಲಿ ಕಿತ್ತುಕೊಂಡಳು. ನಾನು ಮೇಲೆ ಬಂದು ಬುಟ್ಟಿ ಎಳೆದೆ. ಬಿಸಿಲು ನೆತ್ತಿಗೆ ಬಂದಿತ್ತು. ಎರೆ ಮಣ್ಣು ಗುದ್ದಲಿಗೆ ಅಂಟಿ ಬಿಡುತ್ತಿರಲಿಲ್ಲ. ಪ್ರತಿ ಏಟಿಗೂ ಅವಳು ಒಂದೊಂದು ಬೈಗುಳ ಬೈದಳು, ಠೇಕೇದಾರನಿಗೆ ಅರ್ಧ, ನನಗೆ ಅರ್ಧ. ಮಂದಾತಾಯಿ ಮಜ್ಜಿಗೆ ತಂದವಳು ತಾನೂ ಬುಟ್ಟಿ ಹಿಡಿದಳು. ಒಂದು ಗಂಟೆಗೆ ಎದೆಮಟ್ಟವಾಯಿತು, ಇನ್ನೂ ಕಪ್ಪು ಮಣ್ಣೇ. ನನಗೆ ಒಳಗೇ ಭಯ ಹತ್ತಿತು. ಗರಸು ಎರಡಾಳು ಕೆಳಗಿದ್ದರೆ? ನಮ್ಮೂರ ನೆಲ ನನಗೆ ಗೊತ್ತು, ಇದು ನನಗೇನು ಗೊತ್ತು? ಮಗಳ ಬಾಗಿಲನ್ನು ನಾನೇ ಹೂತೆ ಎಂದುಕೊಂಡೆ. ಬುಟ್ಟಿ ಎಳೆಯುತ್ತಲೇ ಇದ್ದೆ.

ಎರಡೂವರೆಗೆ ಗುದ್ದಲಿಯ ಸದ್ದು ಬದಲಾಯಿತು. ಮಹಾದೇವಿ ಒಂದು ಹಿಡಿ ಎತ್ತಿ ಮೇಲೆ ಹಿಡಿದಳು. ಹಳದಿ, ಒರಟು. "ಮುರುಮ್!" ಎಂದು ಕೂಗಿದಳು ಮಂದಾತಾಯಿ. ನಾವು ಗರಸು ಎನ್ನುವುದಕ್ಕೆ ಅವರು ಹಾಗೆನ್ನುತ್ತಾರೆ. ಇನ್ನೊಂದು ಗೇಣು ಇಳಿಸಿ ಮಗಳನ್ನು ಮೇಲೆ ಎಳೆದುಕೊಂಡೆವು. ಎರಡು ಕೊಡ ಸುರಿದೆವು. ಮೂವರೂ ಎಲೆ ಅಡಿಕೆ ಹಾಕಿಕೊಂಡೆವು. ನನ್ನ ಬಾಯಿ ಕೆಂಪಾಗುವ ಮೊದಲೇ ತಳ ಕಂಡಿತು.

ಈರಣ್ಣ ಮೂರೂಕಾಲಿಗೆ ಬಂದವನು ಬೂಟು ಕಳಚಿ ಕಲ್ಲು ಇಳಿಸಿದ. ಕೆಳಗೆ ದೊಡ್ಡವು, ಮೇಲೆ ಸಣ್ಣವು, ತುದಿಗೆ ಮರಳು. ಹೊಸ ಆಳಕ್ಕೆ ಕಲ್ಲು ಸಾಲಲಿಲ್ಲ. ಮಂದಾತಾಯಿಯ ಮನೆಯ ಹಿಂದೆ ಬಿದ್ದ ಇಟ್ಟಿಗೆ ಚೂರುಗಳನ್ನು ಹಾಕಿದೆವು. ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಮುಚ್ಚಳ ಕೂತಿತು.

ನಾಲ್ಕಾಯಿತು, ಮೇಡಮ್ ಬರಲಿಲ್ಲ. ನಾಲ್ಕೂವರೆಗೂ ಇಲ್ಲ. ನಾನು ಹೆದ್ದಾರಿಯವರೆಗೆ ನಡೆದು ಹೋಗಿ ಬಂದೆ. ಬಂದ ಮೇಲೆ ಮತ್ತೆ ಹೋದೆ. ಮಹಾದೇವಿ ಹೊಸ್ತಿಲ ಮೇಲೆ ಕುಂತು, "ಕಾಲಿಗೆ ಚಕ್ರ ಅದಾವೇನ ನಿನಗ? ಒಂದ ಕಡೆ ಕುಂದರು. ನೀ ತಿರಗಿದ್ರ ಗಾಡಿ ಬರಾಂಗಿಲ್ಲ," ಎಂದು ಕಿರುಚಿದಳು. ಐದೂಕಾಲಿಗೆ ಗಾಡಿ ಬಂತು. ಮೇಡಮ್ ಮುಚ್ಚಳ ತೆಗೆಸಿದಳು, ನನ್ನ ಅದೇ ಉದ್ದನೆಯ ಸಲಾಕಿಯನ್ನು ಒಳಗಿಳಿಸಿ ಆಳ ನೋಡಿದಳು. ಒಂದು ಕೊಡ ತಾನೇ ಸುರಿದು ನಿಂತು ನೋಡಿದಳು. ಮಹಾದೇವಿ ಸೀರೆ ಬದಲಿಸಿ ಬರುತ್ತೇನೆ ಎಂದದ್ದಕ್ಕೆ, ಬೆಳಕು ಹೋಗುತ್ತದೆ, ಹಾಗೇ ನಿಲ್ಲಿ ಎಂದಳು. ಸರ್ಕಾರದ ಕಾಗದದಲ್ಲಿ ನನ್ನ ಮಗಳು ಕುತ್ತಿಗೆಯವರೆಗೆ ಕೆಸರು ಮೆತ್ತಿಕೊಂಡು ನಿಂತಿದ್ದಾಳೆ. ಒತ್ತಿದರೆ ಫೋಟೋ ಹೋಗಲಿಲ್ಲ, ಅಲ್ಲಿ ನೆಟ್ವರ್ಕ್ ಇರಲಿಲ್ಲ. ಮೇಡಮ್ ಫೋನನ್ನು ಮೇಲೆತ್ತಿ ಹಿಡಿದು ರಸ್ತೆಯ ಕಡೆ ನಡೆದಳು. ನಾವು ನಾಲ್ವರೂ ಹಿಂದಿನಿಂದ ನಡೆದೆವು, ದೇವರ ಪಲ್ಲಕ್ಕಿಯ ಹಿಂದೆ ನಡೆದ ಹಾಗೆ. ಹುಣಸೆಮರದ ಹತ್ತಿರ ಹಸಿರು ಗುರುತು ಬಂತು. ಅವಳು ಹೆಬ್ಬೆರಳು ತೋರಿಸಿ ಗಾಡಿ ಹತ್ತಿದಳು.

ದುಡ್ಡು ಯುಗಾದಿಗೆ ಬರಲಿಲ್ಲ. ಒಂದನೇ ತಾರೀಖಿಗೆ ಬಾಡಿಗೆ ಕೋಣೆ ಬಿಟ್ಟು, ಬಾಗಿಲಿನ ಜಾಗಕ್ಕೆ ನನ್ನ ಹಳೆಯ ಸೀರೆ ಕಟ್ಟಿ ಒಳಗೆ ಹೋದೆವು. ಹನ್ನೆರಡು ರಾತ್ರಿ ನಾನು ಹೊಸ್ತಿಲಿಗೆ ಅಡ್ಡಲಾಗಿ ಮಲಗಿದೆ. ನಾಯಿ ಎರಡು ಸಲ ನನ್ನನ್ನು ದಾಟಿ ರೊಟ್ಟಿ ಒಯ್ದಿತು. ಹನ್ನೆರಡನೆಯ ದಿನ ಬ್ಯಾಂಕಿನಿಂದ ಸುದ್ದಿ ಬಂತು, ಮರುದಿನವೇ ಬಾಗಿಲು ಬಂತು. ಕಟ್ಟಿಗೆಯದು ಬೇಕೆಂದಿದ್ದಳು, ಕೈಗೆಟುಕಿದ್ದು ತಗಡಿನದು. ಬಡಗಿ ಅದನ್ನು ಕೂರಿಸುವಾಗ ಮಹಾದೇವಿ ಕ್ಯಾಂಟೀನಿಗೆ ಹೋಗಲಿಲ್ಲ. ಹತ್ತು ಸಲ ತೆರೆದಳು, ಹತ್ತು ಸಲ ಹಾಕಿದಳು.

ಬಾಗಿಲು ಬಂದ ಮೇಲೆ ನನಗೇನು ಕೆಲಸ. ಮರುದಿನ ಸಂಜೆಯ ಬಸ್ಸಿಗೆ ಗಂಟು ಕಟ್ಟಿದೆ. "ಇನ್ನ ನಾಕ ದಿನ ಇರು," ಎಂದಳು ಮಹಾದೇವಿ, ಹಿಟ್ಟು ನಾದುತ್ತಲೇ. "ಇದ್ದು ಏನ ಅಗೀಲಿ?" ಎಂದೆ. ಅವಳು ನಕ್ಕಳು, ನಾನು ಬಂದ ಮೇಲೆ ಮೊದಲ ಸಲ. ರೊಟ್ಟಿ ಕಟ್ಟಿ ಕೊಟ್ಟಳು, ಕಾಲು ಮುಟ್ಟಿದಳು. ಈರಣ್ಣ ನನ್ನ ಗಂಟು ಹೊತ್ತು ಮುಂದೆ ನಡೆದ.

ನಾವು ಅಂಗಳ ದಾಟಿ ಹತ್ತು ಹೆಜ್ಜೆ ಹೋಗಿರಲಿಲ್ಲ, ಹಿಂದೆ ತಗಡು ಬಡಿದ ಸದ್ದು, ಅದರ ಹಿಂದೆಯೇ ಒಳಗಿನಿಂದ ಚಿಲಕ ಜಡಿದ ಸದ್ದು ಕೇಳಿಸಿತು. ನಿಂತು ತಿರುಗಿದೆ. ಕಾಣಲು ಬಾಗಿಲು ಬಿಟ್ಟು ಬೇರೇನೂ ಇರಲಿಲ್ಲ.

"ಏನ ನೋಡ್ತೀರಿ ಅತ್ತಿ? ಏನರೆ ಮರತ್ರೇನ?"

"ಇಲ್ಲ. ಬಾಗಲಾ ಬರೋಬರ್ ಕುಂತೈತೋ ಇಲ್ಲೋ ನೋಡಿದೆ," ಎಂದೆ. "ನಡಿ, ಬಸ್ಸ ತಪ್ಪತೈತಿ."