ಗ್ಲೆನ್ ಕುಳಿತಿದ್ದ ಕಡೆಯ ದೀಪ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ದೆವ್ವ-ಭೂತಗಳ ವಿರುದ್ಧ ಮಾತನಾಡಿ ಬಹುಮಾನ ಗೆದ್ದವಳು ನಾನು. ಆಧಾರವಿಲ್ಲದ ಮಾತನ್ನು ಇಂದಿಗೂ ಒಪ್ಪುವುದಿಲ್ಲ. ಅಂಥ ನಾನೇ ಹೇಳುತ್ತಿದ್ದೇನೆ: ಇದು ನಡೆದದ್ದು, ನನ್ನ ಕಣ್ಣೆದುರಿಗೇ ನಡೆದದ್ದು. ಇದರ ವಿರುದ್ಧ ನೀವು ಹೂಡಬಹುದಾದ ವಾದಗಳನ್ನೆಲ್ಲ ನಾನೇ ಮೊದಲು ಹೂಡಿ ನೋಡಿದ್ದೇನೆ...

ಮಿಷಿಗನ್ನಿನ ರಾಚೆಸ್ಟರ್ ಹಿಲ್ಸ್. ಆರ್ಥಿಕ ಹಿಂಜರಿತದ ಚಳಿಗಾಲ. ಕಾರು ಕಾರ್ಖಾನೆಗಳು ಒಂದೊಂದಾಗಿ ಪಾಳಿ ನಿಲ್ಲಿಸುತ್ತಿದ್ದವು. ಅವುಗಳಿಗೆ ಕಂಪ್ಯೂಟರ್ ಪೆಟ್ಟಿಗೆಗಳನ್ನು ಮಾಡಿಕೊಡುತ್ತಿದ್ದ ನಮ್ಮ ಪುಟ್ಟ ಕಂಪನಿಯಲ್ಲೂ ಜನರನ್ನು ತೆಗೆಯುವ ಮಾತು ಬಂತು. ಯಾರನ್ನೂ ಕಳಿಸದೆ, ಎಲ್ಲರೂ ವಾರಕ್ಕೊಂದು ದಿನ ಕಡಿಮೆ ದುಡಿಯೋಣ ಎಂದು ನಾನು ಆಡಳಿತದವರ ಮುಂದೆ ವಾದ ಮಂಡಿಸಿದೆ. ಅವರು ಗಮನವಿಟ್ಟು ಕೇಳಿದರು, ಮೆಚ್ಚಿದರು. ಮರುವಾರ ಅರ್ಧ ಮಹಡಿಯನ್ನು ಖಾಲಿ ಮಾಡಿಸಿದರು.

ಹಾಗೆ ಹೋದವರಲ್ಲಿ ಗ್ಲೆನ್ ಒಬ್ಬರು. ನಿವೃತ್ತಿಯ ಅಂಚಿನಲ್ಲಿದ್ದ ಮಿತಭಾಷಿ. ನಮ್ಮ ಮಹಡಿಯ ದೀಪಗಳಿಗೆ ಸ್ವಿಚ್ ಇರಲಿಲ್ಲ; ಚಾವಣಿಯ ಸೆನ್ಸರ್‌ಗೆ ಅಲುಗಾಟ ಕಂಡರೆ ಆ ಭಾಗದ ದೀಪ ಹತ್ತುತ್ತಿತ್ತು, ಕಾಣದಿದ್ದರೆ ಆರುತ್ತಿತ್ತು. ಗ್ಲೆನ್ ಅದೆಷ್ಟು ನಿಶ್ಚಲವಾಗಿ ಕೂರುತ್ತಿದ್ದರೆಂದರೆ ಅವರ ದೀಪ ಮತ್ತೆ ಮತ್ತೆ ಆರುತ್ತಿತ್ತು. ಆಗ ಅವರು ಒಂದು ಕೈಯನ್ನು ನೆಟ್ಟಗೆ ಮೇಲೆತ್ತುತ್ತಿದ್ದರು... ಅಂಗೈ ಬಿಚ್ಚಿ, ನ್ಯಾಯಾಲಯದಲ್ಲಿ ಪ್ರಮಾಣ ಮಾಡುವವರಂತೆ. ಕೂತವರು ಮರೆಯಾಗುವಷ್ಟು ಎತ್ತರದ ಕ್ಯೂಬಿಕಲ್ ಗೋಡೆಯ ಮೇಲಿಂದ ಆ ಕೈಯೊಂದೇ ನಮಗೆ ಕಾಣುತ್ತಿತ್ತು.

ಆ ರಾತ್ರಿ ಲ್ಯಾಬಿನಲ್ಲಿದ್ದವರು ನಾನು ಮತ್ತು ಧಾರವಾಡದ ಬಸವರಾಜ, ಇಬ್ಬರೇ. ನಮ್ಮ ಪೆಟ್ಟಿಗೆಯ ಕರ್ನಲ್, ಅಂದರೆ ಇಡೀ ಯಂತ್ರವನ್ನು ಹಿಡಿದು ನಡೆಸುವ ಮೂಲ ತಂತ್ರಾಂಶ, ನೆಟ್‌ವರ್ಕಿನ ಹೊರೆ ಹೆಚ್ಚಿದೊಡನೆ ಹ್ಯಾಂಗ್ ಆಗುತ್ತಿತ್ತು. ಪೂರ್ಣ ಹೊರೆಯಲ್ಲಿ ಬೆಳಗಿನವರೆಗೆ ಓಡಿದರೆ ಗಿರಾಕಿ ಉಳಿಯುತ್ತಿದ್ದರು. ಇಲ್ಲವಾದರೆ ನಮ್ಮ ತಂಡವನ್ನೇ ಮುಚ್ಚುತ್ತಿದ್ದರು. ನನ್ನ ಬಳಿ ಗ್ರೀನ್ ಕಾರ್ಡ್ ಇತ್ತು. ಬಸವರಾಜನ ವೀಸಾ ಈ ಕೆಲಸಕ್ಕೇ ಅಂಟಿಕೊಂಡಿತ್ತು, ಕೆಲಸ ಹೋದರೆ ದೇಶ ಬಿಡಬೇಕು. ಹೆಂಡತಿ ತುಂಬು ಗರ್ಭಿಣಿ.

ಸಂಜೆಯೇ ಒಂದು ತಪ್ಪು ಸಿಕ್ಕಿತ್ತು. ಮಾಹಿತಿ ಪಡೆಯುವ ಕೋಡು ಮತ್ತು ಕಳಿಸುವ ಕೋಡು ತಲಾ ಒಂದು ಲಾಕ್, ಅಂದರೆ ಒಂದು ಸಲಕ್ಕೆ ಒಬ್ಬರೇ ಬಳಸಲೆಂದು ಹಾಕುವ ಬೀಗ, ಹಿಡಿದುಕೊಂಡು, ಇನ್ನೊಂದು ಬಿಡಲಿ ಎಂದು ಕಾಯುತ್ತ ನಿಂತುಬಿಡುತ್ತಿದ್ದವು. ಅದನ್ನು ತಿದ್ದಿ ಹೊರೆ ಹರಿಯಬಿಟ್ಟೆವು. ಫ್ಯಾನುಗಳು ಮೊರೆದವು. ಕಾದ ಪ್ಲಾಸ್ಟಿಕ್ಕಿನ ವಾಸನೆ ಎದ್ದಿತು. ಗಾಜಿನ ಗೋಡೆಯಾಚೆ ಖಾಲಿ ಮಹಡಿ ಕತ್ತಲಲ್ಲಿತ್ತು.

ಇದ್ದಕ್ಕಿದ್ದಂತೆ ಪರದೆಯ ಅಂಕಿಗಳು ಇದ್ದಲ್ಲೇ ನಿಂತವು.

ಬಸವರಾಜ ಕ್ಯಾಪ್ಸ್ ಲಾಕ್ ಒತ್ತಿದ. ಕೀಬೋರ್ಡಿನ ಪುಟ್ಟ ದೀಪ ಹತ್ತಿದರೆ ಕರ್ನಲ್‌ಗೆ ಇನ್ನೂ ಜೀವವಿದೆ ಎಂದರ್ಥ. ಹತ್ತಲಿಲ್ಲ.

"ನಾಡಿ ಇಲ್ರಿ ಅಕ್ಕಾರ."

"ಇನ್ನೊಂದ್ಸಲ ಶುರು ಮಾಡು."

ಮತ್ತೆ ನಿಂತಿತು. ಮೂರನೆಯ ಸಲ ನಾನು ಗಾಜಿನಾಚೆ ನೋಡುತ್ತಿದ್ದೆ. ಮಹಡಿಯ ಆ ತುದಿಯಲ್ಲಿ ಒಂದೇ ಒಂದು ದೀಪ ಹತ್ತಿತು... ಅದೇ ಕ್ಷಣ ಪರದೆ ನಿಂತಿತು.

"ನೀವೂ ನೋಡಿದ್ರೇನ್ರಿ?" ಬಸವರಾಜನ ದನಿ ತಗ್ಗಿತ್ತು. "ಹೋದ ಸಲಾನೂ ಹಿಂಗ ಹತ್ತಿತ್ರಿ. ಹೇಳಿದ್ರ ನಗ್ತೀರಂತ ಸುಮ್ನಿದ್ದೆ. ಅದು ಗ್ಲೆನ್ ಕೂಡ್ತಿದ್ದ ಜಾಗ ಅಲ್ಲೇನ್ರಿ?"

ಹೋಗಿ ನೋಡಿದೆವು. ಬರಿದಾದ ಮೇಜು, ಒಳಕ್ಕೆ ತಳ್ಳಿದ್ದ ಕುರ್ಚಿ, ತೊಳೆದ ಕಾರ್ಪೆಟ್ಟಿನ ಸೋಪಿನ ವಾಸನೆ. ಯಾರೂ ಇರಲಿಲ್ಲ.

"ಹೀಟರ್ ಗಾಳಿಗೆ ಸೆನ್ಸರ್ ಮೋಸ ಹೋಗಿರುತ್ತೆ," ಎಂದೆ. "ದೀಪ ಹತ್ತೋವಾಗ ಕರೆಂಟ್ ಜರ್ಕ್ ಆಗಿ ನಮ್ಮ ಪೆಟ್ಟಿಗೆ ನಿಲ್ತಿದೆ. ದೀಪ ಆರದೇ ಇದ್ರೆ ಮತ್ತೆ ಹತ್ತೋ ಪ್ರಶ್ನೇನೇ ಬರಲ್ಲ. ಯಾರಾದ್ರೂ ಇಲ್ಲಿ ಕೂತು ಆಗಾಗ ಕೈ ಎತ್ತುತ್ತಾ ಇರಬೇಕು, ಅಷ್ಟೇ."

"ಯಾರಾದ್ರೂ ಅಂದ್ರ ನಾನ! ಡಿಬೇಟ್ ಗೆಲ್ಲೋರು ನೀವು, ದೆವ್ವದ ಸೀಟು ನನಗ."

"ಹೆದರಿಕೇನಾ?"

"ವೀಸಾಕ್ಕಿಂತ ದೊಡ್ಡ ದೆವ್ವ ಎಲ್ಲೈತ್ರಿ," ಎನ್ನುತ್ತ ಅವನು ಕುರ್ಚಿ ಎಳೆದುಕೊಂಡ.

ನಾನು ಲ್ಯಾಬಿಗೆ ಮರಳಿ ಪರೀಕ್ಷೆ ಶುರು ಮಾಡಿದೆ. ದೂರದ ದೀಪ ಸ್ಥಿರವಾಗಿ ಉರಿಯುತ್ತಿತ್ತು. ಪರದೆಯ ಅಂಕಿಗಳು ಏರುತ್ತಲೇ ಹೋದವು.

ಸ್ವಲ್ಪ ಹೊತ್ತಿನ ಮೇಲೆ ಆ ಕ್ಯೂಬಿಕಲ್ ಗೋಡೆಯ ಮೇಲೆ ಒಂದು ಕೈ ಎದ್ದಿತು. ನೆಟ್ಟಗೆ, ಅಂಗೈ ಬಿಚ್ಚಿ... ಥೇಟು ಗ್ಲೆನ್ ಎತ್ತುತ್ತಿದ್ದ ಹಾಗೆ. ಇಂಥ ಹೊತ್ತಿನಲ್ಲೂ ಇವನಿಗೆ ಅಣಕವೇ ಎಂದು ನನಗೆ ನಗು ಬಂತು. ಕಂಡೆ ಎಂದು ತಿಳಿಸಲು ನಾನೂ ಕೈ ಎತ್ತಿದೆ. ರಾತ್ರಿಯುದ್ದಕ್ಕೂ ಹೀಗೇ ನಡೆಯಿತು. ಆ ಕೈ ಏಳುತ್ತಿತ್ತು, ನಾನು ಉತ್ತರವಾಗಿ ಎತ್ತುತ್ತಿದ್ದೆ. ಮೂಕ ಸಂಭಾಷಣೆಯಂತಿದ್ದ ಅದರಿಂದ ನನಗೆ ಧೈರ್ಯವೇ ಬಂದಿತ್ತು.

ಕೆಳಗೆ ಪಾರ್ಕಿಂಗ್ ಲಾಟಿನಲ್ಲಿ ಹಿಮ ಬಾಚುವ ಟ್ರಕ್ಕಿನ ಕರಕರ ಸದ್ದು ಕೇಳುವ ಹೊತ್ತಿಗೆ ಪರೀಕ್ಷೆ ಮುಗಿಯಿತು. ಒಂದು ಸಲವೂ ನಿಂತಿರಲಿಲ್ಲ. ನಾನು ಓಡಿದೆ.

ಬಸವರಾಜ ಮೇಜಿನ ಮೇಲೆ ತೋಳು ಮಡಚಿ, ಅದರ ಮೇಲೆ ಮುಖವಿಟ್ಟು ಮಲಗಿದ್ದ. ಮುಟ್ಟಿದೊಡನೆ ಬೆಚ್ಚಿ ಎದ್ದ.

"ಹ್ಯಾಂಗ್ ಆತೇನ್ರಿ? ತಪ್ಪಾತ್ರಿ ಅಕ್ಕಾರ... ಕೂತ ಕೂಡ್ಲೇ ನಿದ್ದಿ ಹತ್ತಿಬಿಡ್ತು. ಒಮ್ಮೆನೂ ಕೈ ಎತ್ಲಿಲ್ರಿ ನಾ."

ಅವನ ಕೆನ್ನೆಯ ಮೇಲೆ ಕೈಗಡಿಯಾರದ ಅಚ್ಚು ಆಳವಾಗಿ ಒತ್ತಿತ್ತು. ನಮ್ಮ ತಲೆಯ ಮೇಲೆ ದೀಪ ಉರಿಯುತ್ತಲೇ ಇತ್ತು.

ನಾನು ಕಂಡದ್ದನ್ನು ಹೇಳಿದೆ. ಅವನು ಕುರ್ಚಿಯಿಂದ ಎದ್ದು ದೂರ ನಿಂತ.

"ಕುರ್ಚಿ ಖಾಲಿ ಬಿಟ್ಟು ಇನ್ನೊಂದ್ಸಲ ಓಡಿಸಿ ನೋಡಬೇಕು," ಎಂದೆ. ನಾನು ಕಲಿತ ತರ್ಕ ಅದನ್ನೇ ಬೇಡುತ್ತಿತ್ತು. ಕೆಲಸ ಮಾಡಿದ್ದು ನಮ್ಮ ತಿದ್ದುಪಡಿಯೋ, ಬೇರೇನೋ ಎಂದು ತಿಳಿಯಲು ಉಳಿದಿದ್ದ ದಾರಿ ಅದೊಂದೇ.

"ಬ್ಯಾಡ್ರಿ. ಓಡೇತಲ್ಲ, ಸಾಕ್ರಿ. ಮತ್ತ ನಿಂತ್ರ ನನ್ನ ಗತಿ ಏನ್ರಿ?"

ಲಾಕ್ ತಿದ್ದಿದ್ದೇವೆ, ರಾತ್ರಿಯಿಡೀ ಪೂರ್ಣ ಹೊರೆಯಲ್ಲಿ ಓಡಿದೆ ಎಂದು ವರದಿ ಕಳಿಸಿದೆ. ಎರಡೂ ನಿಜ. ಸತ್ಯ ಅಷ್ಟೇ ಆಗಿರಲಿಲ್ಲ.

ಗಿರಾಕಿ ಉಳಿದರು, ಬಸವರಾಜ ಉಳಿದ. ಮಗಳು ಇಲ್ಲಿಯೇ ಹುಟ್ಟಿದಳು. ಆ ಪೆಟ್ಟಿಗೆಗಳು ಯಾವ ಯಾವ ಕಾರ್ಖಾನೆಗಳಲ್ಲಿ ಓಡುತ್ತಿವೆಯೋ, ಅಲ್ಲಿ ಯಾರು ಕಾವಲು ಕೂತಿದ್ದಾರೋ ನಾನರಿಯೆ. ಗ್ಲೆನ್ ಎಲ್ಲಿದ್ದಾರೆ, ಇದ್ದಾರೆಯೇ ಎಂದು ಇಂದಿಗೂ ಯಾರನ್ನೂ ಕೇಳಿಲ್ಲ. ಸತ್ತಿದ್ದರೆ ಅದು ದೆವ್ವವಾಯಿತು, ಬದುಕಿದ್ದರೆ ಆ ಕೈ ಯಾರದು? ಉತ್ತರ ಯಾವುದಾದರೂ ನನ್ನ ವಾದ ಉಳಿಯುವುದಿಲ್ಲ.

ಈಗಲೂ ಆಫೀಸಿನಲ್ಲಿ ಒಬ್ಬಳೇ ಇರುವಾಗ ದೀಪ ಆರುವುದುಂಟು. ಕೈ ಎತ್ತಿದರೆ ಸಾಕು, ಹತ್ತುತ್ತದೆ. ಆದರೆ ನಾನು ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಹಿಡಿದು ಕತ್ತಲಲ್ಲೇ ಕೂತಿರುತ್ತೇನೆ. ಆ ರಾತ್ರಿಯಿಡೀ ಉತ್ತರ ಕೊಟ್ಟವಳು ನಾನು... ಈಗ ನಾನೇ ಮೊದಲು ಎತ್ತಿದರೆ, ಆ ತುದಿಯಿಂದ ಉತ್ತರ ಬಂದೀತು.