ಗಾಳಿಯ ಕಪ್ಪು, ಮೀನಿನ ಕಪ್ಪು

ನಮ್ಮ ಕಡಲತೀರದಲ್ಲಿಯೂ ಚಳಿಗಾಲವಿದೆ ಎಂದರೆ ಘಟ್ಟದ ಮೇಲಿನವರು ನಗುತ್ತಾರೆ. ಕಾಪುವಿನಲ್ಲಿ ಡಿಸೆಂಬರ್ ಎಂದರೆ ಬೆಳಿಗ್ಗೆ ಮೂಡಣದಿಂದ ತೆಳುವಾದ ನೆಲಗಾಳಿ, ಮಧ್ಯಾಹ್ನದ ಮೇಲೆ ಕಡಲಗಾಳಿ, ನಡುವೆ ಬಿಸಿಲು, ಅಷ್ಟೇ. ಆದರೆ ಕೆಲವು ವರ್ಷ ಈ ಕ್ರಮ ತಪ್ಪುತ್ತದೆ. ಬಡಗಣ ದಿಕ್ಕಿನಿಂದ ಒಂದು ಒಣ ಗಾಳಿ ತೀರದ ಉದ್ದಕ್ಕೂ ಬೀಸತೊಡಗುತ್ತದೆ. ಆಕಾಶದಲ್ಲಿ ಚೂರು ಮೋಡವೂ ಇರುವುದಿಲ್ಲ. ಬಾಟಲಿಯಲ್ಲಿ ತೆಂಗಿನೆಣ್ಣೆ ಹೆಪ್ಪುಗಟ್ಟುತ್ತದೆ, ತುಟಿ ಒಡೆಯುತ್ತದೆ, ವಯಸ್ಸಾದವರು ಬಿಸಿಲೇರುವ ತನಕ ಒಲೆಯ ಮುಂದಿನಿಂದ ಏಳುವುದಿಲ್ಲ.

ಅದು ಎಲ್ಲಿಂದ ಬರುತ್ತದೆಂದು ನಾನು ಓದಿ ತಿಳಿದಿದ್ದೆ. ಪರ್ಶಿಯಾ, ಸಿಂಧ್ ಕಡೆಯ ಶೀತಗಾಳಿ ದಂಡಿನ ಮುಂಚೂಣಿಯಂತೆ ಒಂದೇ ಸಾಲಾಗಿ ಕಡಲಿಗೆ ಇಳಿಯುತ್ತದೆ. ಹವಾಮಾನದ ನಕಾಶೆಯಲ್ಲಿ ಅದನ್ನು ಹಲ್ಲುಹಲ್ಲಾದ ಗೆರೆಯಿಂದ ತೋರಿಸುತ್ತಾರೆ. ತೆಂಕಣಕ್ಕೆ ಬಂದಂತೆ ಬೆಚ್ಚಗಿನ ನೀರಿನ ಮೇಲೆ ಅದರ ಚಳಿ ಕರಗುತ್ತದೆ, ಗೆರೆ ಅಳಿಸಿಹೋಗುತ್ತದೆ. ನಮ್ಮವರೆಗೆ ಮುಟ್ಟುವುದು ಅದರ ಗಾಳಿಯ ಕೊನೆ ಮಾತ್ರ. ಅದರ ಹಿಂದೆ, ಗಾಳಿ ನಿಂತ ಮೇಲೆ, ದೂರದಿಂದ ಹೊರಟ ಉದ್ದನೆಯ ಅಲೆಗಳು. ಮಣಿಪಾಲದಲ್ಲಿ ಭೂಗೋಳ ಕಲಿಸುವ ಕೆಲಸ ಸಿಕ್ಕಿದ ಮೇಲೆ ಆ ಗೆರೆಯನ್ನು ನಾನೂ ಕರಿಹಲಗೆಯ ಮೇಲೆ ಎಳೆದಿದ್ದೇನೆ. ಕಾರ್ಕಳದಿಂದ ಬರುವ ಹುಡುಗಿಯರು ಸ್ವೆಟರ್ ತೊಟ್ಟು ಕುಳಿತು ಅದನ್ನು ಬರೆದುಕೊಂಡರು. ಅದರಿಂದ ನಮ್ಮ ಮನೆಗೆ ಏನಾಯಿತೆಂದು ತರಗತಿಯಲ್ಲಿ ಹೇಳುವ ಸಂದರ್ಭ ಬರಲಿಲ್ಲ, ಬಂದಿದ್ದರೂ ನಾನು ಹೇಳುತ್ತಿರಲಿಲ್ಲ.

ನಮ್ಮದು ಮಾಮನ ಮನೆ. ನನ್ನ ತಂದೆ ಬೇಗ ತೀರಿಕೊಂಡಿದ್ದರು. ತಾಯಿಯ ಅಣ್ಣನೇ ನಮ್ಮ ಯಜಮಾನರು. ಹೆಣ್ಣುಮಗಳಾದ ನನ್ನನ್ನು ಊರು ಬಿಟ್ಟು ಓದಲು ಕಳುಹಿಸಿದವರೂ ಅವರೇ. ಊರಿನ ರಂಪಣಿಯಲ್ಲಿ ಅವರಿಗೆ ಒಂದು ದೊಡ್ಡ ಸ್ಥಾನವಿತ್ತು. ರಂಪಣಿ ಒಬ್ಬರ ಬಲೆಯಲ್ಲ. ಮನೆಗೊಂದು ತುಂಡಿನಂತೆ ಸೇರಿಸಿ ಹೆಣೆದ ಬಲು ಉದ್ದದ ಬಲೆ ಅದು. ಬಲೆಯ ಒಂದು ಹಗ್ಗವನ್ನು ದಡದಲ್ಲಿ ಬಿಟ್ಟು ದೋಣಿ ಮೀನಿನ ಹಿಂಡನ್ನು ಸುತ್ತುವರಿದು ಬರುತ್ತದೆ. ಆಮೇಲೆ ಊರಿಗೆ ಊರೇ ಎರಡು ಸಾಲಾಗಿ ನಿಂತು ಎಳೆಯುತ್ತದೆ. ಹಿಂಡು ಎಲ್ಲಿದೆ, ದೋಣಿ ಯಾವಾಗ ಹೊರಡಬೇಕು ಎಂಬುದನ್ನು ದಡದ ಬಂಡೆಯ ಮೇಲೆ ನಿಂತು ಒಬ್ಬರು ಹೇಳಬೇಕು. ಅವರು ಹೆಗಲಿನ ವಸ್ತ್ರ, ನಮ್ಮ ಕಡೆಯ ಬೈರಾಸು, ತೆಗೆದು ಬೀಸಿದರೆ ದೋಣಿ ಇಳಿಯಿತು. ಬೀಸಿದ ಮೇಲೆ ಯಾರೂ ಎದುರು ಮಾತಾಡುವಂತಿಲ್ಲ. ಅಷ್ಟು ಜನ ಚರ್ಚೆಗೆ ಇಳಿದರೆ ಮೀನು ನಿಲ್ಲುತ್ತದೆಯೇ? ಆ ಸ್ಥಾನವನ್ನು ಅವರಿಂದ ಯಾರೂ ಕೇಳಿ ತೆಗೆದುಕೊಳ್ಳುವ ಕ್ರಮವೂ ಇರಲಿಲ್ಲ. ಅವರಾಗಿ ಬಿಡಬೇಕು. ಬಿಟ್ಟವರು ಮತ್ತೆ ಆ ಬಂಡೆ ಹತ್ತುವ ಹಾಗಿರಲಿಲ್ಲ.

ಮಾಮ ಆ ಬಂಡೆಯ ಮೇಲೆ ನಿಲ್ಲತೊಡಗಿದ್ದು ನಾನು ಹುಟ್ಟುವ ಮೊದಲು.

ಅವರ ಕಣ್ಣಿಗೆ ಪೊರೆ ಬರುತ್ತಿದೆಯೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ದೀಪ ಹಚ್ಚಿದ ಮೇಲೆ ಅವರು ಗೋಡೆ ಸವರಿಕೊಂಡು ನಡೆಯುತ್ತಿದ್ದರು. ಉಡುಪಿಯಲ್ಲಿ ಒಬ್ಬರು ಕಣ್ಣಿನ ಡಾಕ್ಟರರಿದ್ದಾರೆ, ಹೋಗಿ ಬರುವ ಎಂದು ನಾನು ಒಮ್ಮೆ ಮಾತ್ರ ಹೇಳಿದ್ದೆ. "ಮಳೆಗಾಲ ಬರಲಿ ಮಗಾ. ಈಗ ಕಣ್ಣು ಕಟ್ಟಿ ಮಲಗಿಸಿದರೆ ಬಂಗುಡೆ ನನಗೆ ಕಾಯ್ತದಾ?" ಎಂದಿದ್ದರು. (ನಮ್ಮ ಮನೆಮಾತು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.) ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಬಂಗುಡೆ ಮೀನಿನ ಹಿಂಡು ಅಷ್ಟು ದೊಡ್ಡದು, ಶಾಂತವಾದ ನೀರಿನಲ್ಲಿ ಅದು ಮೋಡದ ನೆರಳಿನಂತೆ ಕಪ್ಪಾಗಿ ಕಾಣುತ್ತದೆ. ಅರ್ಧ ಕಣ್ಣಿನಲ್ಲಿಯೂ ಒಂದು ವರ್ಷ ದಾಟಿಸಬಹುದಿತ್ತು.

ಆ ವರ್ಷ ಕ್ರಿಸ್ಮಸ್ ರಜೆಗೆ ಸ್ವಲ್ಪ ಮೊದಲು, ಉತ್ತರದಲ್ಲಿ ಶೀತ ಹೆಚ್ಚಾಗಿದೆ ಎಂದು ಪತ್ರಿಕೆಯಲ್ಲಿ ಬಂದಿತ್ತು. ರಜೆ ಸಿಕ್ಕಿ ನಾನು ಮನೆಯಲ್ಲಿದ್ದಾಗ ಗಾಳಿ ನಮ್ಮಲ್ಲಿಗೆ ಬಂತು. ಮೊದಲನೆಯ ಬೆಳಿಗ್ಗೆಯೇ ಮಾಮ ಬೈರಾಸು ಬೀಸಿದರು. ದೋಣಿ ಸುತ್ತಿ ಬಂತು, ಜನ ಎಳೆದರು. ಬಲೆಯ ತುದಿ ದಡಕ್ಕೆ ಬಂದಾಗ ಅದರಲ್ಲಿ ಅಂಬಲಿಯಂಥ ಜೆಲ್ಲಿಮೀನು, ನಾಲ್ಕು ಏಡಿ, ಒಂದಿಷ್ಟು ಪಾಚಿ ಬಿಟ್ಟರೆ ಏನೂ ಇರಲಿಲ್ಲ.

ದೋಣಿಯ ಚುಕ್ಕಾಣಿ ಹಿಡಿಯುವವನು ಮಾಮನ ಓರಗೆಯವನು. ಸಂಬಂಧವಿಲ್ಲದಿದ್ದರೂ ಬಾಯಿತುಂಬ ಭಾವ ಎಂದು ಕರೆಯುತ್ತಿದ್ದ. ಅವನು ಒದ್ದೆ ಬಲೆಯನ್ನು ಕಾಲಿನಿಂದ ಸರಿಸಿ, "ಎಂತ ಭಾವ, ಇವತ್ತು ಗಾಳಿಯನ್ನೇ ಹಿಡಿಸಿದಿರಲ್ಲ! ಪಾಲು ಮಾಡಿಕೊಡಿ, ಮನೆಗೆ ಕೊಂಡುಹೋಗ್ತೇವೆ" ಎಂದ.

"ನಿನ್ನ ಪಾಲು ನಿನ್ನ ಹೊಟ್ಟೆಯಲ್ಲೇ ಉಂಟಲ್ಲ ಮಾರಾಯ, ಮತ್ತೆ ಯಾಕೆ?" ಎಂದರು ಮಾಮ. ಜನ ನಕ್ಕರು. ಆದರೆ ಮೊದಲಾಗಿದ್ದರೆ ನಗು ಮುಗಿದ ಮೇಲೆ ಯಾರಾದರೂ ಹತ್ತಿರ ಬಂದು ಎಲೆಯಡಿಕೆ ಚಾಚುತ್ತಿದ್ದರು. ಅಂದು ಯಾರೂ ಬರಲಿಲ್ಲ.

ಆದದ್ದು ಇಷ್ಟು. ಬಡಗಣ ಗಾಳಿ ಒಂದೇ ಸಮನೆ ಬೀಸುವುದಿಲ್ಲ. ಬೀಸಿದಲ್ಲಿ ಮಾತ್ರ ನೀರು ನವಿರೆದ್ದು ಕಪ್ಪಾಗುತ್ತದೆ, ಬಿಟ್ಟಲ್ಲಿ ಹೊಳೆಯುತ್ತದೆ. ದಡದಿಂದ ನೋಡಿದರೆ ಕಡಲಿನ ಮೇಲೆ ಅಲ್ಲಲ್ಲಿ ಕಪ್ಪು ಕಲೆಗಳು. ಒಳ್ಳೆಯ ಕಣ್ಣಿನವರು ಗಾಳಿಯ ಕಪ್ಪನ್ನೂ ಮೀನಿನ ಕಪ್ಪನ್ನೂ ಬೇರೆ ಮಾಡಿ ನೋಡಬಲ್ಲರು. ಮಾಮನಿಗೆ ಈಗ ಬರೀ ಕಪ್ಪು ಕಾಣುತ್ತಿತ್ತು.

ಅಂದು ಸಂಜೆ ಅಮ್ಮ ಒಲೆ ಊದುತ್ತ, ನನ್ನ ಕಡೆ ತಿರುಗದೆ ಹೇಳಿದಳು: "ನಾಳೆ ಅಣ್ಣನಿಗೆ ಗಂಜಿ ನೀನು ಕೊಂಡುಹೋಗು. ಸ್ವಲ್ಪ ಹೊತ್ತು ಅಲ್ಲೇ ನಿಲ್ಲು."

"ಹೆಂಗಸರು ಅಲ್ಲಿ ನಿಲ್ಲುವುದುಂಟಾ?"

"ನೀನು ಟೀಚರಲ್ವಾ. ನಿನಗೆ ಎಂತ ಹೇಳ್ತಾರೆ ಅವರು?" ಒಲೆಗೆ ಇನ್ನೊಂದು ಕಟ್ಟಿಗೆ ತಳ್ಳಿ ಹೇಳಿದಳು: "ಆ ಬಂಡೆಯೊಂದು ಹೋದರೆ ಅವನು ಮತ್ತೆ ಇಲ್ಲ."

ಮರುದಿನ ಗಾಳಿ ಇನ್ನೂ ಬಲವಾಗಿತ್ತು. ಸೆರಗನ್ನು ಎರಡು ಸುತ್ತು ಹೊದ್ದು, ಗಂಜಿಯ ಪಾತ್ರೆ ಹಿಡಿದು ನಾನು ಬಂಡೆ ಹತ್ತಿದೆ. ದೋಣಿಯ ಹತ್ತಿರ ಚಳಿ ಕಾಯಿಸುತ್ತಿದ್ದವರು ನನ್ನನ್ನು ನೋಡಿದರು. ಚುಕ್ಕಾಣಿಯವನು ಕೆಳಗಿನಿಂದ ಕೂಗಿದ: "ಟೀಚರಮ್ಮಾ, ಮೀನಿಗೂ ಪರೀಕ್ಷೆ ಇಡ್ಲಿಕ್ಕೆ ಬಂದ್ರಾ?"

ನಾನು ಪಾತ್ರೆಯನ್ನು ಮಾಮನ ಪಕ್ಕದಲ್ಲಿ ಇಟ್ಟೆ. ಮಾಮ ಗಂಜಿ ಮುಟ್ಟಲಿಲ್ಲ. ಕಡಲಿನ ಕಡೆಗೇ ಮುಖವಿಟ್ಟು, "ನಿನ್ನ ಅಮ್ಮ ಕಳಿಸಿದ್ದಾ?" ಎಂದರು.

"ಹೌದು."

"ಆಗಲಿ. ಬಂದದ್ದು ಬಂದಿ. ಎಂತ ಕಾಣ್ತದೆ, ಹೇಳು."

ಹೇಳಿದೆ. ದೀಪಸ್ತಂಭದ ನೇರಕ್ಕೆ ಒಂದು ಕಪ್ಪು, ಅದರ ಆಚೆ ಇನ್ನೊಂದು, ಬಡಗು ಬದಿಯಲ್ಲಿ ಉದ್ದಕ್ಕೆ ಒಂದು. ಅವರು ಒಂದೊಂದಾಗಿ ಕೇಳತೊಡಗಿದರು. ಅಂಚು ಹೇಗುಂಟು, ಹರಿದ ಬಟ್ಟೆಯ ಹಾಗಾ, ಕತ್ತರಿಸಿದ ಹಾಗಾ? ಗಾಳಿಯ ಒಟ್ಟಿಗೆ ಓಡ್ತದಾ, ನಿಂತಲ್ಲೇ ಉಂಟಾ? ಮೇಲೆ ಹಕ್ಕಿ ಉಂಟಾ? ಎರಡು ಕಲೆಗಳು ನಾವು ಮಾತಾಡುತ್ತಿರುವಾಗಲೇ ಚದುರಿಹೋದವು. ಬಡಗಿನದು ಮಾತ್ರ ಉಳಿಯಿತು. ಅದರ ಒಂದು ಅಂಚು ನನಗೆ ನೇರವಾಗಿ ಕಂಡಿತು, ಇನ್ನೊಂದು ಹರಿದಂತೆ. ಅದು ತೆಂಕಣಕ್ಕೆ ಸರಿಯುತ್ತಿತ್ತು, ಆದರೆ ಗಾಳಿಯಷ್ಟು ವೇಗವಾಗಿ ಅಲ್ಲ. ಹಕ್ಕಿಗಳಿರಲಿಲ್ಲ.

"ಚಳಿಗೆ ಹಕ್ಕಿ ಏಳುವುದು ತಡ," ಎಂದರು ತಮಗೆ ತಾವೇ. ಮತ್ತೆ ಕೇಳಿದರು: "ನೀರು ಕೊತಕೊತ ಅನ್ನುತ್ತದಾ, ಬರೀ ನಡುಗ್ತದಾ?"

ನಾನು ನೋಡಿದೆ. ಎಷ್ಟು ನೋಡಿದರೂ ನನಗೆ ಆ ಎರಡರ ವ್ಯತ್ಯಾಸ ತಿಳಿಯಲಿಲ್ಲ. ಗಾಳಿಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಒರೆಸಿಕೊಂಡು ಮತ್ತೆ ನೋಡಿದೆ. ಅಂದಾಜಿನಲ್ಲಿ ಏನಾದರೂ ಹೇಳಬಹುದಿತ್ತು. "ಗೊತ್ತಾಗುವುದಿಲ್ಲ ಮಾಮ" ಎಂದೆ.

ಅವರ ಕೈ ಬೈರಾಸಿನ ಮೇಲೆ ಇತ್ತು. ಕೆಳಗೆ ಜನ ಎದ್ದು ನಿಂತಿದ್ದರು, ಇಬ್ಬರು ದೋಣಿಯ ಅಂಚು ಹಿಡಿದಿದ್ದರು. ಹಿಂದಿನ ದಿನದ ಖಾಲಿ ಬಲೆಯ ಮೇಲೆ ಇನ್ನೊಂದು ಖಾಲಿ ಬಲೆ ಬಂದರೆ ಆಮೇಲೆ ಬೀಸಿದ ಬೈರಾಸಿಗೆ ಬೆಲೆಯಿಲ್ಲ. ಅದು ಮಾಮನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವರು ಅಲ್ಲಿಯೇ ನಿಂತರು. ಕಪ್ಪು ನಮ್ಮ ಎದುರಿನಿಂದ ದಾಟಿ, ದೀಪಸ್ತಂಭದ ಆಚೆ ಬಂಡೆಗಳ ಮರೆಗೆ ಹೋಯಿತು. ಅವರ ಕೈ ಹೆಗಲಿನಿಂದ ಕೆಳಗೆ ಬಂತು.

ಬಿಸಿಲು ಏರುವ ಹೊತ್ತಿಗೆ ತೆಂಕಣದ ಪಕ್ಕದೂರಿನಿಂದ ಕೂಗು ಕೇಳಿಸಿತು. ಅವರ ರಂಪಣಿಗೆ ಬಂಗುಡೆ ಬಿದ್ದಿತ್ತು. ಬಲೆಯನ್ನು ದಡಕ್ಕೆ ಎಳೆಯಲು ಆಗದೆ ನೀರಿನಲ್ಲಿಯೇ ಕಟ್ಟಿಟ್ಟು ಬುಟ್ಟಿಗಳಲ್ಲಿ ಹೊತ್ತರಂತೆ. ನಮ್ಮ ಊರಿನ ಹೆಂಗಸರೂ ಅಲ್ಲಿಗೆ ಹೋಗಿ ಮೀನು ಕೊಂಡು, ತಲೆಯ ಮೇಲೆ ಹೊತ್ತು ನಮ್ಮ ಅಂಗಳದ ಮುಂದಿನಿಂದಲೇ ಹಾದುಹೋದರು. ಚುಕ್ಕಾಣಿಯವನು ಅಂದು ತಮಾಷೆ ಮಾಡಲಿಲ್ಲ. ಅವನು ಮಾಡಿದ್ದರೆ ಒಳ್ಳೆಯದಿತ್ತು.

ಅದರ ಮಾರನೆಯ ದಿನ ಗಾಳಿ ನಿಂತಿತು. ಎಲೆಯೂ ಅಲುಗದ ಆ ಬೆಳಿಗ್ಗೆ ಅಲೆಗಳು ಬಂದವು. ಒಂದರ ಹಿಂದೆ ಇನ್ನೊಂದು ಬಹಳ ತಡೆದು ಬರುತ್ತಿದ್ದ, ಗೋಡೆಯಂತೆ ಎದ್ದು ದಡದ ಹತ್ತಿರ ಮಾತ್ರ ಒಡೆಯುತ್ತಿದ್ದ ಅಲೆಗಳು. ಅವು ಎಷ್ಟು ದೂರದಿಂದ ಹೊರಟಿರಬಹುದೆಂದು ನನಗೆ ಗೊತ್ತಿತ್ತು. ಅಂಗಳದಲ್ಲಿ ನಿಂತು ಅವುಗಳ ಸದ್ದು ಕೇಳುವಾಗ ಆ ತಿಳುವಳಿಕೆಯಿಂದ ಏನೂ ಆಗಲಿಲ್ಲ. ದೋಣಿ ಇಳಿಸುವಂತಿರಲಿಲ್ಲ. ರಂಪಣಿಯ ಹಿರಿಯರೆಲ್ಲ ದೋಣಿಯ ಚಪ್ಪರದಲ್ಲಿ ಕೂತಿದ್ದರು. ಮಾಮ ಬಿಳಿ ಅಂಗಿ ತೊಟ್ಟು ಅಲ್ಲಿಗೆ ಹೊರಟಾಗ ಅಮ್ಮ ಬಾಗಿಲಿಗೆ ಬಂದಳು.

"ಅಣ್ಣ, ಇವತ್ತೇ ಹೇಳಬೇಕಂತ ಉಂಟಾ? ಗಾಳಿ ನಿಂತಿತಲ್ಲ. ನಾಲ್ಕು ದಿನ ಹೋಗಲಿ."

"ಗಾಳಿ ಮತ್ತೆ ಬರ್ತದೆ," ಎಂದರು ಮಾಮ.

ಚಪ್ಪರದಲ್ಲಿ ನಡೆದದ್ದನ್ನು ಚುಕ್ಕಾಣಿಯವನೇ ಸಂಜೆ ಬಂದು ಅಮ್ಮನಿಗೆ ಹೇಳಿದ. ಮಾಮ ಹೆಚ್ಚು ಮಾತಾಡಲಿಲ್ಲವಂತೆ. ಬೈರಾಸು ಮಡಚಿ ಇವನ ತೊಡೆಯ ಮೇಲೆ ಇಟ್ಟರಂತೆ. "ನನಗೆ ಬೇಡ ಭಾವ, ನಾನು ದೋಣಿಯಲ್ಲಿ ಇರಬೇಕಾದವ ಅಂದೆ ಅಕ್ಕ. 'ಗಾಳಿ ಹಿಡಿಸಿದವ ಅಂತ ನನ್ನನ್ನು ತಮಾಷೆ ಮಾಡಿದವ ನೀನಲ್ವಾ, ಇನ್ನು ನೀನು ನೋಡು' ಅಂದರು. ನಕ್ಕೇ ಹೇಳಿದ್ದು. ನನಗೆ ನಗ್ಲಿಕ್ಕೆ ಆಗಲಿಲ್ಲ." ಅಮ್ಮ ಅವನಿಗೆ ಚಾ ಕೊಟ್ಟಳು. ಅವನು ಅರ್ಧ ಕುಡಿದು ಎದ್ದ.

ಅಲೆ ಇಳಿಯಲು ಕೆಲವು ದಿನ ಹಿಡಿಯಿತು. ಇಳಿದ ಮೇಲೆ ಕಡಲು ಹಾಸಿದ ಚಾಪೆಯಂತಾಯಿತು. ಮೀನು ಬಂದರೆ ಒಂದೇ ಕಪ್ಪು, ಎಲ್ಲರಿಗೂ ಕಾಣುವಂಥದ್ದು. ಅಂಥ ನೀರಿನಲ್ಲಿ ಮಾಮನಿಗೂ ಕಾಣುತ್ತಿತ್ತು. ಊರಿನಲ್ಲಿ ಆ ಮಾತು ಯಾರೂ ಎತ್ತಲಿಲ್ಲ.

ರಜೆ ಮುಗಿದು ನಾನು ಕೆಲಸಕ್ಕೆ ಹೊರಟ ಬೆಳಿಗ್ಗೆ ಮಾಮ ಜಗಲಿಯಲ್ಲಿ ಕೂತಿದ್ದರು. ಬಹಳ ವರ್ಷಗಳಿಂದ ಆ ಹೊತ್ತಿಗೆ ಅವರನ್ನು ಮನೆಯಲ್ಲಿ ನೋಡಿದ ನೆನಪು ನನಗಿರಲಿಲ್ಲ. ಕಡಲಿನ ಕಡೆಯಿಂದ ಜನರನ್ನು ಕರೆಯುವ ಕೂಗು ಬಂತು. ಅವರು ಕೂಡಲೇ ಏಳಲಿಲ್ಲ. ಎರಡನೆಯ ಸಲ ಕೂಗು ಬಂದಾಗ ಲುಂಗಿ ಎತ್ತಿ ಕಟ್ಟಿಕೊಂಡು, "ಎಳೀಲಿಕ್ಕೆ ಕರೀತಾರೆ" ಎಂದು ನನಗೆ ಹೇಳಿ, ಅಂಗಳ ದಾಟಿ ಹೋದರು.

ಬಸ್ಸಿಗೆ ಹೊತ್ತಾಗಿತ್ತು. ಆದರೂ ತೆಂಗಿನ ತೋಟದ ಅಂಚಿನಲ್ಲಿ ಒಂದು ಗಳಿಗೆ ನಿಂತು ನೋಡಿದೆ. ಹಗ್ಗದ ಮುಂಭಾಗದಲ್ಲಿದ್ದವರು ಅವರಿಗೆ ಜಾಗ ಬಿಟ್ಟು ಕರೆದರು. ಅವರು ಕೈಯಾಡಿಸಿ ಬೇಡವೆಂದು, ಸಾಲಿನ ಕೊನೆಗೆ ಹೋಗಿ ಹಗ್ಗ ಹಿಡಿದರು. ಎಲ್ಲರೂ ಒಂದೇ ಸಲ ಹಿಂದಕ್ಕೆ ಬಾಗಿದರು. ನಾನು ರಸ್ತೆಯ ಕಡೆಗೆ ನಡೆದೆ.